ಎಷ್ಟು ಹೊತ್ತು, ಎಷ್ಟು ಚಮಚ, ಎಷ್ಟು ದಿನ?

ಮಕ್ಕಳ ಆರೋಗ್ಯ: ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪ್ರಮಾಣದ ಬಗೆಗಿನವು. ಅದು ಸರಿಯಾದ ಪ್ರಶ್ನೆಯೇ. ಈ ಹತ್ತು ಹದಿನೈದು ವರ್ಷಗಳಲ್ಲಿ ಮಕ್ಕಳ ವೈದ್ಯಕೀಯದಲ್ಲಿ ಗೆದ್ದ ಹಲವು ಉಪಾಯಗಳು ಮನೆಯಲ್ಲೇ ಆಗುವಂಥವು. ಆದರೆ ಪ್ರಮಾಣ ತಪ್ಪಿದರೆ ಅವು ಫಲ ಕೊಡುವುದಿಲ್ಲ.

ಪ್ರಶ್ನೆ: ಸೊಸೆಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಹುಟ್ಟಿದಾಗ ಮಗು 1.6 ಕೆ.ಜಿ. ಇತ್ತು. ಈಗ 1.8 ಕೆ.ಜಿ. ಆಗಿ ಮನೆಗೆ ಬಂದಿದೆ. ದಿನವಿಡೀ ಎದೆಗೆ ಕಟ್ಟಿಕೊಂಡಿರಿ ಎಂದು ನರ್ಸ್ ಹೇಳಿ ಕಳಿಸಿದ್ದಾರೆ. ಬಾಣಂತಿ ಬಳಲುತ್ತಾಳೆ. ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರೆ ಸಾಲದೇ? (ಕುಷ್ಟಗಿಯ ಓದುಗರು)

ಉತ್ತರ: ಸಾಲದು. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ, ಮೈಯಲ್ಲಿ ಹುಟ್ಟಿದ ಬಿಸಿಯನ್ನು ಹಿಡಿದಿಡುತ್ತದೆ, ಅಷ್ಟೇ. ಇಷ್ಟು ಸಣ್ಣ ಮಗುವಿಗೆ ಬಿಸಿ ಹುಟ್ಟಿಸುವಷ್ಟು ಕೊಬ್ಬು ಮೈಯಲ್ಲಿರುವುದಿಲ್ಲ. ಕುಡಿದ ಹಾಲೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಖರ್ಚಾದರೆ ತೂಕ ಏರುವುದು ಯಾವುದರಿಂದ? ತಾಯಿಯ ಎದೆಯ ಚರ್ಮ ಬಿಸಿಯನ್ನು ನೇರವಾಗಿ ಕೊಡುತ್ತದೆ.

ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ, ಇನ್‌ಕ್ಯುಬೇಟರ್ ಸಾಲದೆ ಬಂದಾಗ ಶುರುವಾದ ಈ ಕಾಂಗರೂ ಆರೈಕೆಯನ್ನು ಬಹಳ ಕಾಲ ಬಡವರ ಬದಲಿ ವ್ಯವಸ್ಥೆ ಎಂದೇ ನೋಡಲಾಗುತ್ತಿತ್ತು. ಆ ಭಾವನೆಯನ್ನು ಅಳಿಸಿದ್ದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ದೆಹಲಿಯ ಸಫ್ದರ್‌ಜಂಗ್, ಹೀಗೆ ಐದು ಆಸ್ಪತ್ರೆಗಳಲ್ಲಿ 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ 3,211 ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹುಟ್ಟಿದ ಕೂಡಲೇ ತಾಯಿಯ ಎದೆ. ಇನ್ನೊಂದು ಗುಂಪಿಗೆ ಹಳೆಯ ಕ್ರಮದಂತೆ ಮೊದಲು ಇನ್‌ಕ್ಯುಬೇಟರ್ ಅಥವಾ ವಾರ್ಮರ್, ಸ್ಥಿತಿ ಸುಧಾರಿಸಿದ ಮೇಲೆ ಎದೆ. 28 ದಿನದೊಳಗಿನ ಸಾವು ಎರಡನೆಯ ಗುಂಪಿನಲ್ಲಿ ಶೇ 15.7, ಮೊದಲ ಗುಂಪಿನಲ್ಲಿ ಶೇ 12. ವ್ಯತ್ಯಾಸ ಎದ್ದು ಕಂಡದ್ದರಿಂದ ಪ್ರಯೋಗವನ್ನೇ ಅವಧಿಗೆ ಮೊದಲು ನಿಲ್ಲಿಸಬೇಕಾಯಿತು. ಮೊದಲ ಗುಂಪಿನ ಮಕ್ಕಳು ಐಸಿಯುನಲ್ಲಿದ್ದಾಗಲೇ ದಿನಕ್ಕೆ ಹತ್ತಿರಹತ್ತಿರ 17 ಗಂಟೆ ಎದೆಯ ಮೇಲಿದ್ದರು, ಎರಡನೆಯ ಗುಂಪಿನವರು ಒಂದೂವರೆ ಗಂಟೆ. ಮನೆಯಲ್ಲಿ ಮಾಡಿದರೂ ಫಲ ಇದೆ: ಹರಿಯಾಣದಲ್ಲಿ 8,402 ಕಡಿಮೆ ತೂಕದ ಮಕ್ಕಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೆಯ ಕಾಂಗರೂ ಆರೈಕೆಯಿಂದಲೇ ಮೊದಲ ತಿಂಗಳ ಸಾವು ಸುಮಾರು ಶೇ 30ರಷ್ಟು ಇಳಿಯಿತು. ನಿಮ್ಮದೇ ಕೊಪ್ಪಳ ಜಿಲ್ಲೆ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆ ಮತ್ತು ಮನೆಗಳಿಗೆ ಹಬ್ಬಿಸುವ ಅಧ್ಯಯನಕ್ಕೆ ಕರ್ನಾಟಕದ ನೆಲೆಯಾಗಿತ್ತು. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಕಟ್ಟುವ ಕ್ರಮ ಗೊತ್ತಿರಬಹುದು, ಕೇಳಿ ನೋಡಿ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸು ದಿನಕ್ಕೆ 8ರಿಂದ 24 ಗಂಟೆ. ಎಂಟು ಗಂಟೆ ಕನಿಷ್ಠ, ಅದಕ್ಕಿಂತ ಹೆಚ್ಚಾದಷ್ಟೂ ಒಳ್ಳೆಯದು. ಒಂದು ಸಲ ಕಟ್ಟಿಕೊಂಡರೆ ಒಂದು ಗಂಟೆಯಾದರೂ ಬಿಚ್ಚಬೇಡಿ. ಹತ್ತು ಹತ್ತು ನಿಮಿಷಕ್ಕೆ ತೆಗೆದು ಹಾಕಿದರೆ ಮಗು ಬಳಲುತ್ತದೆ, ಬಿಸಿಯೂ ನಿಲ್ಲುವುದಿಲ್ಲ. ಬಾಣಂತಿಯೊಬ್ಬಳೇ ಇಡೀ ದಿನ ಹೊರಬೇಕಾಗಿಲ್ಲ. ಅವಳು ಊಟ, ಸ್ನಾನ, ನಿದ್ದೆ ಮಾಡುವಾಗ ಮಗುವಿನ ಅಪ್ಪ ಎದೆಗೆ ಹಾಕಿಕೊಳ್ಳಲಿ, ಅಜ್ಜಿಯಾದ ನೀವೂ ಹಾಕಿಕೊಳ್ಳಬಹುದು. ಜ್ವರ, ಕೆಮ್ಮು, ಚರ್ಮದ ಸೋಂಕು ಇರುವವರು ಮಾತ್ರ ಬೇಡ.

ಕಟ್ಟುವುದು ಹೀಗೆ. ಮಗುವಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ಬೇಡ. ಅಂಗಿ ಉಳಿಸಿದರೆ ಚರ್ಮಕ್ಕೆ ಚರ್ಮ ತಾಗುವುದಿಲ್ಲ, ಸಾಮಾನ್ಯವಾಗಿ ಆಗುವ ತಪ್ಪು ಇದೇ. ತಾಯಿಯ ಎರಡು ಮೊಲೆಗಳ ನಡುವೆ ಮಗುವನ್ನು ನೆಟ್ಟಗೆ, ಕಪ್ಪೆಯಂತೆ ಕೈಕಾಲು ಮಡಿಸಿ ಇಡಿ. ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಗದ್ದ ತುಸು ಮೇಲಿರಲಿ. ಮೆತ್ತನೆಯ ಹತ್ತಿ ಸೀರೆಯಿಂದ, ಮೇಲಂಚು ಮಗುವಿನ ಕಿವಿಯ ಕೆಳಗೆ ಬರುವಂತೆ ಕಟ್ಟಿ. ಎದೆಯ ಭಾಗಕ್ಕೆ ಬಿಗಿ ಇರಲಿ, ಹೊಟ್ಟೆಯ ಭಾಗಕ್ಕೆ ಸಡಿಲ ಇರಲಿ, ಮಗು ಉಸಿರಾಡುವುದು ಹೊಟ್ಟೆಯಿಂದ. ಕಟ್ಟು ಸಡಿಲವಾದರೆ ಮಗು ಕೆಳಗೆ ಜಾರಿ ಗದ್ದ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಮಡಿಸಿಕೊಳ್ಳುತ್ತದೆ. ಮುಖ ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು ಎನ್ನುವುದು ಅದಕ್ಕೇ. ತಾಯಿ ಅಂಗಾತ ಮಲಗುವುದು ಬೇಡ. ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಒರಗಿಕೊಳ್ಳಲಿ. ಆ ಸ್ಥಿತಿಯಲ್ಲೇ ಕಣ್ಣು ಮುಚ್ಚಿ ವಿಶ್ರಾಂತಿ ಪಡೆಯಬಹುದು.

ಎರಡು ಗಂಟೆಗೊಮ್ಮೆ ಎದೆಹಾಲು, ರಾತ್ರಿಯೂ. ಚೀಪಲು ಶಕ್ತಿ ಸಾಲದಿದ್ದರೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಿ. ಬಾಟಲಿ ಬೇಡ, ತೊಳೆಯುವುದು ಕಷ್ಟ, ಸೋಂಕಿಗೆ ದಾರಿ. ನಮ್ಮ ಕಡೆಯ ಬಿಸಿನೀರಿನ ಎರೆಯುವಿಕೆ ಮತ್ತು ಸಾಂಬ್ರಾಣಿ ಹೊಗೆಯನ್ನು ಈ ಮಗುವಿಗೆ ಸದ್ಯ ಬಿಡಿ. ಎರೆದ ಮೇಲೆ ಒದ್ದೆ ಮೈ ಬೇಗ ತಣ್ಣಗಾಗುತ್ತದೆ, ಹೊಗೆ ಎಳೆಯ ಶ್ವಾಸಕೋಶವನ್ನು ಕೆರಳಿಸುತ್ತದೆ. ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು.

ತೂಕ 2.5 ಕೆ.ಜಿ. ತಲುಪಿ, ಮಗು ತಾನೇ ಕೈಕಾಲು ಬಡಿದು ಹೊರಬರಲು ನೋಡುವವರೆಗೆ ಮುಂದುವರಿಸಿ. ಹಾಲು ಕುಡಿಯುವುದು ನಿಲ್ಲಿಸಿದರೆ, ಪಾದ ಮತ್ತು ಹೊಟ್ಟೆ ಎರಡೂ ತಣ್ಣಗಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ, ಮೈ ನೀಲಿ ಅಥವಾ ಹಳದಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ಮಗು ಎದೆಯ ಮೇಲೇ ಇರಲಿ.

ಪ್ರಶ್ನೆ: ಎರಡು ವರ್ಷದ ಮಗನಿಗೆ ನೀರಿನಂತೆ ಭೇದಿ. ಕ್ಲಿನಿಕ್‌ನಲ್ಲಿ ಆ್ಯಂಟಿಬಯಾಟಿಕ್ ಬರೆದರು, ಓಆರ್‌ಎಸ್ ಮಾತೇ ಬರಲಿಲ್ಲ. ನಾವೇ ಕೇಳಿದಾಗ ಮೆಡಿಕಲ್ ಶಾಪಿನವರು ಹಣ್ಣಿನ ರುಚಿಯ ಪ್ಯಾಕೆಟ್ ಪಾನೀಯ ಕೊಟ್ಟರು. ಇದು ಸರಿಯೇ? (ಮದ್ದೂರಿನ ಓದುಗರು)

ಉತ್ತರ: ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನಡೆದದ್ದು ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ, 2,000ಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿ. ತರಬೇತಿ ಪಡೆದವರು ಪೋಷಕರಂತೆ ಹೋಗಿ, ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ ಎಂದು ಹೇಳಿದರು. ಓಆರ್‌ಎಸ್ ಬರೆಯದಿರುವುದಕ್ಕೆ ಅಂಗಡಿಯಲ್ಲಿ ಅದು ಇಲ್ಲದಿರುವುದಾಗಲಿ, ಬೇರೆ ಔಷಧದ ಲಾಭವಾಗಲಿ ದೊಡ್ಡ ಕಾರಣವಾಗಿರಲಿಲ್ಲ. ‘ಬಂದವರಿಗೆ ಓಆರ್‌ಎಸ್ ಇಷ್ಟವಿಲ್ಲ, ಅದನ್ನು ಅವರು ಔಷಧ ಎಂದೇ ಎಣಿಸುವುದಿಲ್ಲ’ ಎಂಬ ಚಿಕಿತ್ಸಕರ ಊಹೆಯೇ ಮುಖ್ಯ ಕಾರಣವಾಗಿತ್ತು. ಓಆರ್‌ಎಸ್ ಬೇಕು ಎಂದು ಬಾಯಿಬಿಟ್ಟು ಹೇಳಿದವರಿಗೆ ಅದನ್ನು ಬರೆದುಕೊಡುವುದು ಗಣನೀಯವಾಗಿ ಹೆಚ್ಚಿತು. ಆದ್ದರಿಂದ ಸಂಕೋಚ ಬೇಡ, ಕೇಳಿ ಪಡೆಯಿರಿ.

ಪ್ಯಾಕೆಟ್ ಪಾನೀಯ ಮಾತ್ರ ಬೇಡ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಹೋಗುವ ಬಾಗಿಲೊಂದಿದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಆ ಬಾಗಿಲು ಕೆಲಸ ಮಾಡುತ್ತಿರುತ್ತದೆ. ಓಆರ್‌ಎಸ್ ನಿಂತಿರುವುದೇ ಇದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್‌ಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತದೆ. ರುಚಿಯ ಪಾನೀಯಗಳಲ್ಲಿ ಸಕ್ಕರೆ ಇದಕ್ಕಿಂತ ಹಲವು ಪಟ್ಟು. ಆ ಸಕ್ಕರೆ ಕರುಳಿನಲ್ಲೇ ಉಳಿದು ಮೈಯ ನೀರನ್ನು ಒಳಗೆಳೆದು ಭೇದಿ ಹೆಚ್ಚಿಸುತ್ತದೆ. ಸೂತ್ರಕ್ಕೆ ಹೊಂದದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂದು ಹಾಕಿಕೊಳ್ಳಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದ್ದು ಈ ಕಾರಣಕ್ಕೇ.

ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಸುರಿದು, ಕುದಿಸಿ ಆರಿಸಿದ ಒಂದು ಲೀಟರ್ ನೀರಲ್ಲಿ ಕದಡಿ. ಲೀಟರ್ ನೀರಿನ ಬಾಟಲಿಯೇ ಅಳತೆಗೆ ಅನುಕೂಲ. ಒಂದು ಲೋಟಕ್ಕೆ ಚೂರು ಪುಡಿ ಹಾಕಿ ಮಿಕ್ಕದ್ದನ್ನು ಮಡಿಸಿಡುವ ಅಭ್ಯಾಸ ಅಪಾಯಕಾರಿ, ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ತೆಳುವಾದರೆ ಉಪಯೋಗವಿಲ್ಲ. ಸಕ್ಕರೆ, ಹಾಲು, ಜ್ಯೂಸ್ ಸೇರಿಸಬೇಡಿ, ಕದಡಿದ ಮೇಲೆ ಕುದಿಸಬೇಡಿ, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಎರಡು ದಾಟಿದವರಿಗೆ 100ರಿಂದ 200 ಮಿ.ಲೀ. ಲೋಟ ಎತ್ತಿ ಕುಡಿಸಿದರೆ ವಾಂತಿಯಾಗುತ್ತದೆ. ಒಂದೆರಡು ನಿಮಿಷಕ್ಕೆ ಒಂದು ಚಮಚ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಶುರುಮಾಡಿ. ಗಂಜಿ, ಮೊಸರನ್ನ, ಬಾಳೆಹಣ್ಣು ನಿಲ್ಲಿಸಬೇಡಿ.

ಜೊತೆಗೆ ಜಿಂಕ್. ಆರು ತಿಂಗಳು ದಾಟಿದ ಮಗುವಿಗೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ದಿನಕ್ಕೆ 20 ಮಿ.ಗ್ರಾಂ., 14 ದಿನ. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ ಪೂರೈಸಿ, ಮುಂದಿನ ಎರಡು ಮೂರು ತಿಂಗಳ ರಕ್ಷಣೆ ಅದರಲ್ಲಿದೆ. ಜಿಂಕ್ ಕೊಟ್ಟಾಗ ವಾಂತಿ ಮಾಡುವ ಮಕ್ಕಳಿದ್ದಾರೆ. ದೆಹಲಿ ಮತ್ತು ತಾಂಜಾನಿಯಾದಲ್ಲಿ 4,500 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 5 ಮತ್ತು 10 ಮಿ.ಗ್ರಾಂ. ಪ್ರಮಾಣಗಳು ಭೇದಿಯ ಮಟ್ಟಿಗೆ 20ಕ್ಕೆ ಸಮನಾಗಿದ್ದವು, ವಾಂತಿ ಕಡಿಮೆ ಇತ್ತು. ಮಗನಿಗೆ ವಾಂತಿಯಾದರೆ ಜಿಂಕ್ ಬಿಟ್ಟುಬಿಡುವ ಬದಲು ಪ್ರಮಾಣ ಇಳಿಸಬಹುದೇ ಎಂದು ವೈದ್ಯರನ್ನು ಕೇಳಿ.

ಆ್ಯಂಟಿಬಯಾಟಿಕ್ ಬಗ್ಗೆ: ಭಾರತವೂ ಸೇರಿ ಏಳು ದೇಶಗಳಲ್ಲಿ ನೀರು ಭೇದಿಯ 8,266 ಮಕ್ಕಳ ಪೈಕಿ ಅರ್ಧದಷ್ಟು ಮಂದಿಗೆ ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟು, ಉಳಿದವರೊಂದಿಗೆ ಹೋಲಿಸಿದ ಪ್ರಯೋಗದಲ್ಲಿ ಸಾವು ತಗ್ಗಿಸುವ ಸ್ಪಷ್ಟ ಫಲ ಕಾಣಲಿಲ್ಲ. ಮಲದಲ್ಲಿ ರಕ್ತ ಇದ್ದರೆ ಅಥವಾ ಕಾಲರಾ ಶಂಕೆ ಇದ್ದರೆ ಮಾತು ಬೇರೆ. ಭೇದಿ ‘ಕಟ್ಟುವ’ ಲೊಪೆರಮೈಡ್ ಈ ವಯಸ್ಸಿಗೆ ಕೂಡದು, ಕರುಳಿನ ಚಲನೆಯೇ ನಿಂತುಹೋಗಬಹುದು. ಮಗ ಮಂಕಾಗಿದ್ದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆಯಿಂದ ಮೂತ್ರ ಹೋಗದಿದ್ದರೆ ಮನೆಯ ಚಿಕಿತ್ಸೆ ಸಾಲದು.

ಪ್ರಶ್ನೆ: ಏಳು ತಿಂಗಳ ಮಗಳಿಗೆ ಕೆನ್ನೆ, ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಇಸುಬು ಇದೆ. ಮೂರು ವರ್ಷದವರೆಗೆ ಶೇಂಗಾ ತೋರಿಸಲೇಬೇಡಿ ಎನ್ನುತ್ತಾರೆ. (ದಾವಣಗೆರೆಯ ಓದುಗರು)

ಉತ್ತರ: ಅದು ಒಂದು ಕಾಲದಲ್ಲಿ ವೈದ್ಯರೇ ಕೊಟ್ಟ ಸಲಹೆ, ಈಗ ತಲೆಕೆಳಗಾಗಿದೆ. ಇಸ್ರೇಲಿನ ಶಿಶುಗಳು ಶೇಂಗಾ ತಿಂಡಿ ತಿಂದೇ ಬೆಳೆಯುತ್ತವೆ, ಅಲ್ಲಿ ಶೇಂಗಾ ಅಲರ್ಜಿ ಬ್ರಿಟನ್ನಿನ ಯಹೂದಿ ಮಕ್ಕಳಿಗಿಂತ ಬಹಳ ಕಡಿಮೆ ಎಂಬುದನ್ನು ಗಮನಿಸಿದ ಲಂಡನ್ನಿನ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಅವರ ತಂಡ, ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳ ಮೇಲೆ ಪ್ರಯೋಗ ನಡೆಸಿತು. 2015ರಲ್ಲಿ ಬಂದ ಫಲಿತಾಂಶದಲ್ಲಿ, ಮೊದಲಿಗೆ ಚರ್ಮ ಪರೀಕ್ಷೆಯಲ್ಲಿ ಅಲರ್ಜಿ ಕಾಣದವರ ಪೈಕಿ ಶೇಂಗಾ ದೂರವಿಟ್ಟವರಲ್ಲಿ ಐದನೇ ವಯಸ್ಸಿಗೆ ಶೇ 13.7 ಮಂದಿಗೆ ಅಲರ್ಜಿ, ತಿಂದವರಲ್ಲಿ ಶೇ 1.9. ಹದಿಹರೆಯದಲ್ಲೂ ಈ ರಕ್ಷಣೆ ಉಳಿದಿದೆ ಎಂದು 2024ರ ಮುಂದುವರಿದ ಅಧ್ಯಯನ ತೋರಿಸಿತು. ನಮ್ಮಲ್ಲಿ ಈ ಅಲರ್ಜಿ ಅಷ್ಟು ಸಾಮಾನ್ಯವಲ್ಲ. ಆದರೂ ತಡಮಾಡುವುದರಿಂದ ಲಾಭವಿಲ್ಲ ಎಂಬ ಪಾಠ ನಮಗೂ ಅನ್ವಯಿಸುತ್ತದೆ.

ಪ್ರಯೋಗದ ಪ್ರಮಾಣ ವಾರಕ್ಕೆ 6 ಗ್ರಾಂ ಶೇಂಗಾ ಪ್ರೋಟೀನ್. ಅಂದರೆ ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು 8 ಗ್ರಾಂ ಬೀಜ, ಪುಡಿಯ ಲೆಕ್ಕದಲ್ಲಿ ಎರಡೂವರೆ ಟೀ ಚಮಚ. ಹುರಿದು ಸಿಪ್ಪೆ ಕಳೆದು, ಖಾರ ಉಪ್ಪು ಹಾಕದೆ ನುಣ್ಣಗೆ ಪುಡಿ ಮಾಡಿ ರಾಗಿ ಸರಿಯಲ್ಲಿ ಕಲಸಿ. ಮೊದಲ ಸಲ ಮಗು ಆರೋಗ್ಯವಾಗಿರುವ ದಿನ, ಹಗಲು ಹೊತ್ತಿನಲ್ಲಿ ಚಮಚದ ತುದಿಯಷ್ಟು ಕೊಟ್ಟು ಹತ್ತು ನಿಮಿಷ ನೋಡಿ, ಆಮೇಲೆ ಉಳಿದದ್ದನ್ನು ನಿಧಾನವಾಗಿ ತಿನ್ನಿಸಿ ಎರಡು ಗಂಟೆ ಗಮನವಿಡಿ. ಗಂಧೆ ಎದ್ದರೆ, ತುಟಿ ಊದಿದರೆ, ಪದೇಪದೇ ವಾಂತಿಯಾದರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಉಸಿರು ಸಿಕ್ಕಿಕೊಂಡರೆ ತುರ್ತು ಚಿಕಿತ್ಸೆಗೆ ಓಡಿ. ಇಸುಬು ಮೈತುಂಬ ಇದ್ದು ಮುಲಾಮಿಗೂ ಬಗ್ಗದಿದ್ದರೆ, ಅಥವಾ ಮೊಟ್ಟೆ ಅಲರ್ಜಿ ಈಗಾಗಲೇ ಇದ್ದರೆ, ಪರೀಕ್ಷೆ ಮಾಡಿಸಿದ ಮೇಲೇ ಶುರುಮಾಡಬೇಕು.

ಇಡೀ ಬೀಜವನ್ನು ಐದು ವರ್ಷದವರೆಗೆ ಕೊಡಲೇಬೇಡಿ, ಶ್ವಾಸನಾಳಕ್ಕೆ ಹೊಕ್ಕರೆ ಪ್ರಾಣಾಪಾಯ. ಬೂಷ್ಟು ಹಿಡಿದ ಬೀಜವನ್ನು ಆರಿಸಿ ಬಳಸುವುದೂ ಬೇಡ, ಎಸೆಯಿರಿ.

ಪ್ರಶ್ನೆ: ಅಂಗನವಾಡಿಯಲ್ಲಿ ಕೊಡುವ ಕಬ್ಬಿಣಾಂಶದ ಸಿರಪ್‌ನಿಂದ ಮಲ ಕಪ್ಪಾಗುತ್ತದೆ ಎಂದು ತಾಯಂದಿರು ನಿಲ್ಲಿಸುತ್ತಾರೆ. ಒಂದೇ ಮಗುವಿನ ಹಿಮೋಗ್ಲೋಬಿನ್ ಎರಡು ಕಡೆ ಎರಡು ಥರ ಬರುತ್ತದೆ. ಯಾವುದನ್ನು ನಂಬುವುದು? (ಅಂಗನವಾಡಿ ಕಾರ್ಯಕರ್ತೆ, ಸಿಂಧನೂರು)

ಉತ್ತರ: ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ. ಹಾನಿಯಿಲ್ಲ. ಇದನ್ನು ಮೊದಲ ದಿನವೇ ತಾಯಂದಿರಿಗೆ ಹೇಳಿಬಿಟ್ಟರೆ ಹೆದರಿ ನಿಲ್ಲಿಸುವುದು ತಪ್ಪುತ್ತದೆ.

ಅಳತೆಯ ಗೊಂದಲ ರಾಷ್ಟ್ರಮಟ್ಟದಲ್ಲೂ ಇದೆ. ಬೆರಳು ಚುಚ್ಚಿ ಅಳೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಶೇ 67 ಮಕ್ಕಳಿಗೆ ರಕ್ತಹೀನತೆ. ರಕ್ತನಾಳದಿಂದ ರಕ್ತ ತೆಗೆದು ಅಳೆದ 2016–18ರ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದವರಲ್ಲಿ ಸುಮಾರು ಶೇ 41. ಬೆರಳನ್ನು ಹಿಂಡಿದಾಗ ಜೀವಕೋಶಗಳ ನಡುವಿನ ದ್ರವ ಬೆರೆತು ರಕ್ತ ತೆಳುವಾಗುತ್ತದೆ, ಅಂಕಿ ಕೆಳಗಿಳಿಯುತ್ತದೆ. ನೀವು ಬೆರಳು ಚುಚ್ಚುವಾಗ ಕೈ ಬೆಚ್ಚಗಿರಲಿ, ಮೊದಲ ಹನಿ ಒರೆಸಿ, ಹಿಂಡದೆ ತಾನಾಗಿ ಬಂದ ಹನಿಯನ್ನು ತೆಗೆದುಕೊಳ್ಳಿ. ಮಿತಿಯೂ ಬದಲಾಗಿದೆ: ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ 6ರಿಂದ 23 ತಿಂಗಳ ಮಕ್ಕಳಿಗೆ ರಕ್ತಹೀನತೆಯ ಗಡಿಯನ್ನು, 100 ಮಿ.ಲೀ. ರಕ್ತಕ್ಕೆ ಹಿಮೋಗ್ಲೋಬಿನ್ ಲೆಕ್ಕದಲ್ಲಿ, 11ರಿಂದ 10.5 ಗ್ರಾಂಗೆ ಇಳಿಸಿದೆ. ಎರಡರಿಂದ ಐದು ವರ್ಷಕ್ಕೆ 11 ಹಾಗೇ ಇದೆ.

ಸಿರಪ್ ಪ್ರಮಾಣ ನಿಮಗೆ ಗೊತ್ತಿರುವುದೇ: ವಾರಕ್ಕೆ ಎರಡು ದಿನ, 1 ಮಿ.ಲೀ., ಅದರಲ್ಲಿ 20 ಮಿ.ಗ್ರಾಂ. ಕಬ್ಬಿಣ. ಖಾಲಿ ಹೊಟ್ಟೆಯಲ್ಲಿ ಬೇಡ, ಹಾಲು ಚಹಾದ ಜೊತೆ ಬೇಡ, ಜ್ವರದ ದಿನ ಬೇಡ, ತೀವ್ರ ಅಪೌಷ್ಟಿಕತೆ ಅಥವಾ ಥಲಸೇಮಿಯಾ ಇರುವ ಮಗುವಿಗೆ ವೈದ್ಯರು ಹೇಳದೆ ಬೇಡ. ಬಾಟಲಿ ಮಕ್ಕಳ ಕೈಗೆ ಸಿಗಬಾರದು, ಒಮ್ಮೆಗೇ ಬಹಳ ಕುಡಿದರೆ ಕಬ್ಬಿಣ ವಿಷವಾಗುತ್ತದೆ. ಸಿರಪ್ ತಪ್ಪದೆ ಕೊಟ್ಟರೂ ಅಂಕಿ ಏರದಿದ್ದರೆ ದಿನಕ್ಕೆ ಎಷ್ಟು ಹಾಲು ಎಂದು ಕೇಳಿ. ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿದು ಊಟ ಬಿಡುವ ಮಗುವಿಗೆ ಸಿರಪ್ ಒಂದರಿಂದಲೇ ಕೊರತೆ ತುಂಬುವುದಿಲ್ಲ.

ಇನ್ನೊಂದು ಮಾತು. ಕಬ್ಬಿಣ ಕೊಟ್ಟರೆ ಮಗು ಚುರುಕಾಗುತ್ತದೆ ಎಂದು ತಾಯಂದಿರಿಗೆ ಭರವಸೆ ಕೊಡಬೇಡಿ. ಬಾಂಗ್ಲಾದೇಶದಲ್ಲಿ ಎಂಟು ತಿಂಗಳ 3,300 ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ, ಮೂರು ತಿಂಗಳು ಕಬ್ಬಿಣ ಪಡೆದವರಲ್ಲಿ ಪಡೆಯದವರಿಗಿಂತ ರಕ್ತಹೀನತೆ ಇಳಿಯಿತು, ಬುದ್ಧಿಯ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಕನ್ನಡಕ ಬಂದಿದೆ, ವರ್ಷವರ್ಷ ನಂಬರ್ ಏರುತ್ತಿದೆ. ಐದು ವರ್ಷದ ತಮ್ಮನಿಗೂ ಬರುತ್ತದೆಯೇ? (ಬೆಂಗಳೂರಿನ ಓದುಗರು)

ಉತ್ತರ: ತಮ್ಮನಿಗೆ ಬಿಸಿಲು ಬೆಳಕಿನ ಆಟ, ಅಕ್ಕನಿಗೆ ಕಣ್ಣಿನ ವೈದ್ಯರ ಸಲಹೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಅರ್ಧದಷ್ಟು ಶಾಲೆಗಳ ಒಂದನೇ ತರಗತಿಯವರನ್ನು ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅಲ್ಲಿ ಶೇ 30.4 ಮಕ್ಕಳಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಬಂತು, ಉಳಿದ ಶಾಲೆಗಳಲ್ಲಿ ಶೇ 39.5. ಮುಖ್ಯವಾದದ್ದು ಬಯಲಿನ ಬೆಳಕು, ಆದ್ದರಿಂದ ಮನೆಯೊಳಗಿನ ಆಟ ಅದಕ್ಕೆ ಬದಲಿಯಲ್ಲ. ದಿನಕ್ಕೆ ಎರಡು ಗಂಟೆ ಗುರಿ ಇಟ್ಟುಕೊಳ್ಳಿ. ಈಗಾಗಲೇ ಬಂದ ನಂಬರ್ ಏರುವುದನ್ನು ಬಯಲಾಟ ಅಷ್ಟಾಗಿ ತಡೆಯದು. ಅಲ್ಲಿ ಕಡಿಮೆ ಸಾಂದ್ರತೆಯ ಅಟ್ರೋಪಿನ್ ಹನಿ ಕೆಲಸಕ್ಕೆ ಬರುತ್ತದೆ. ಹಾಂಗ್‌ಕಾಂಗ್‌ನ ಪ್ರಯೋಗದಲ್ಲಿ ಒಂದು ವರ್ಷಕ್ಕೆ ಶೇ 0.05ರ ಹನಿ ಏರಿಕೆಯನ್ನು ಮೂರನೇ ಎರಡರಷ್ಟು ತಗ್ಗಿಸಿತು, ಶೇ 0.01ರದ್ದು ಕಾಲು ಭಾಗದಷ್ಟು. ‘ಅಟ್ರೋಪಿನ್ ಹಾಕುತ್ತಿದ್ದೇವೆ’ ಎಂದರೆ ಸಾಲದು, ಬಾಟಲಿಯ ಮೇಲಿನ ಸಾಂದ್ರತೆ ಓದಿ. ನಂಬರ್ ಏರಬಾರದೆಂದು ಕಡಿಮೆ ಪವರಿನ ಕನ್ನಡಕ ಹಾಕಿಸುವುದು ತಪ್ಪು.

ಪ್ರಶ್ನೆ: ಮೂರು ವರ್ಷದ ಮಗನಿಗೆ ಆಟಿಸಂ ಎಂದಿದ್ದಾರೆ. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಗುಣವಾಗುತ್ತದೆ ಎಂಬ ಜಾಹೀರಾತು ನೋಡಿದೆವು. ಜಮೀನು ಮಾರುವ ಯೋಚನೆಯಲ್ಲಿದ್ದೇವೆ. (ಹಾವೇರಿಯ ಓದುಗರು)

ಉತ್ತರ: ಜಮೀನು ಮಾರಬೇಡಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 180 ಮಕ್ಕಳ ಪೈಕಿ ಹೆಚ್ಚಿನವರಿಗೆ ಸ್ಟೆಮ್ ಸೆಲ್ ಇರುವ ಹೊಕ್ಕುಳಬಳ್ಳಿಯ ರಕ್ತ ಕೊಟ್ಟು, ಕೊಡದ ಉಳಿದವರೊಂದಿಗೆ ಹೋಲಿಸಿ ನೋಡಿತು. 2020ರಲ್ಲಿ ಬಂದ ಫಲಿತಾಂಶದಲ್ಲಿ, ಯಾವುದು ಸುಧಾರಿಸಬೇಕೆಂದು ಮೊದಲೇ ಗೊತ್ತುಮಾಡಿದ್ದರೋ ಆ ಸಾಮಾಜಿಕ ಸಂವಹನದಲ್ಲಿ ವ್ಯತ್ಯಾಸ ಬರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯ ಪ್ರಕಾರ ಆಟಿಸಂಗೆ ಇದು ಅನುಮೋದಿತ ಚಿಕಿತ್ಸೆಯಲ್ಲ. ಸಂಶೋಧನೆಯಾಗಿ ನಡೆಸುವುದಿದ್ದರೆ ಪೋಷಕರಿಂದ ಹಣ ಪಡೆಯುವಂತಿಲ್ಲ. ಹಣ ಕೇಳಿದರು ಎಂದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಕೈಯಲ್ಲೇ ಇರುವ ದಾರಿಯೊಂದಿದೆ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದ 65 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಆರು ತಿಂಗಳಲ್ಲಿ 12 ಬಾರಿ ಪೋಷಕರನ್ನು ಭೇಟಿಯಾದರು. ಪೋಷಕರು ಮಗುವಿನೊಂದಿಗೆ ಆಡುವುದನ್ನು ವಿಡಿಯೊ ಮಾಡಿ, ಅದನ್ನೇ ಒಟ್ಟಿಗೆ ನೋಡಿ, ಎಲ್ಲಿ ಮಗು ಸ್ಪಂದಿಸಿತು ಎಂದು ತೋರಿಸಿಕೊಟ್ಟರು. ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಬದಲಾಯಿತು, ಮಗು ತಾನಾಗಿ ಮಾತುಕತೆ ಆರಂಭಿಸುವುದು ಹೆಚ್ಚಿತು.

ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ, ಟಿ.ವಿ., ಮೊಬೈಲ್ ಆರಿಸಿ, ನೆಲದ ಮೇಲೆ ಮಗನ ಎದುರು ಅವನ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ‘ಇದೇನು? ಅದೇನು?’ ಎಂದು ಪ್ರಶ್ನೆ ಸುರಿಸಬೇಡಿ. ಅವನು ಚಕ್ರ ತಿರುಗಿಸುತ್ತಿದ್ದರೆ ನೀವೂ ಚಕ್ರ ನೋಡಿ, ‘ಚಕ್ರ ತಿರುಗ್ತು’ ಎಂದಷ್ಟೇ ಹೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಅವನು ನೋಡಿದರೂ, ಸದ್ದು ಮಾಡಿದರೂ, ಕೈ ಚಾಚಿದರೂ ಅದೇ ಅವನ ಮಾತು ಎಂದು ತಿಳಿದು ಉತ್ತರ ಕೊಡಿ. ಹೆಚ್ಚಿನ ಪೋಷಕರು ಎಡವುವುದು ಈ ಕಾಯುವಲ್ಲೇ. ಮಗು ಬಾಯಿ ತೆರೆಯುವ ಮೊದಲೇ ತಾವು ಮಾತಾಡಿಬಿಡುತ್ತಾರೆ.

ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಮಾಡಿಸಿ. ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರದಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮೌಲ್ಯಮಾಪನಕ್ಕೆ ವ್ಯವಸ್ಥೆ ಇದೆ. ಹೋಗುವಾಗ ಮಗ ಮನೆಯಲ್ಲಿ ಆಡುವ, ಊಟ ಮಾಡುವ ಎರಡು ಮೂರು ನಿಮಿಷದ ವಿಡಿಯೊಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಹೊಸ ಜಾಗದಲ್ಲಿ ಮಗು ಮುದುಡಿ ಕೂತರೂ ನೋಡುವವರಿಗೆ ಅವನ ನಿಜವಾದ ನಡವಳಿಕೆ ಅದರಲ್ಲಿ ಸಿಗುತ್ತದೆ.